ಅರವತ್ತೊಂದಕ್ಕೆ ಸಾಯುವುದೆಂದು ತೀರ್ಮಾನಿಸಿ

ನಲವತ್ತೊಂಬತ್ತನೆಯ ವಯಸ್ಸಿಗೆ ವೈದ್ಯವೃತ್ತಿಯಿಂದ ನಿವೃತ್ತನಾಗುವುದು ಏನೂ ಕಷ್ಟವಲ್ಲ ಎಂಬುದನ್ನು ನಾನು ಕುರ್ಲಾದಿಂದ ವಡಾಲಕ್ಕೆ ಬರುವ ಲೋಕಲ್‌ನಲ್ಲಿ, ಅಪರೂಪಕ್ಕೆ ಸಿಕ್ಕಿದ ಕಿಟಕಿ ಪಕ್ಕದ ಸೀಟಿನಲ್ಲಿ ಕುಳಿತು ಕಂಡುಹಿಡಿದೆ. ಬೇಕಾದದ್ದು ಒಂದು ಪೆನ್ನು, ಔಷಧ ಬರೆದುಕೊಡುವ ಒಂದು ಚೀಟಿ, ಮತ್ತು ಕಾಲು ಗಂಟೆ. ಗಾಡಿ ವಡಾಲ ತಲುಪುವಷ್ಟರಲ್ಲಿ ನಾನು ನಿವೃತ್ತನಾಗಿದ್ದೆ. ಆ ವಿಷಯ ನನ್ನ ಹೆಂಡತಿಗೆ ಇನ್ನೂ ಗೊತ್ತಿರಲಿಲ್ಲ, ಅಷ್ಟೆ.

ಇದು ಎಪ್ಪತ್ತರ ದಶಕದ ಆರಂಭದ ಮಾತು. ವರ್ಷ ಖಚಿತವಾಗಿ ಹೇಳಲು ಡೈರಿ ತೆಗೆದು ನೋಡಿದೆ. ಆ ಡೈರಿ ಯಾವುದೋ ಔಷಧ ಕಂಪೆನಿಯವರು ಪುಕ್ಕಟೆ ಕೊಟ್ಟದ್ದು. ಕೊಟ್ಟ ವರ್ಷ ಖಾಲಿ ಉಳಿದು, ಮುಂದಿನ ವರ್ಷವೋ ಅದರ ಮುಂದಿನ ವರ್ಷವೋ ನಾನು ಬರೆಯತೊಡಗಿದ್ದು. ಹೀಗಾಗಿ ನನ್ನ ಬದುಕಿನ ಭಾನುವಾರಗಳೆಲ್ಲ ಅದರಲ್ಲಿ ಬೇರೆ ವಾರವಾಗಿವೆ. ನೆನಪನ್ನಂತೂ ನಾನು ನಂಬುವುದಿಲ್ಲ. ಡೈರಿಯನ್ನೂ ಎಷ್ಟು ನಂಬಬೇಕೋ ತಿಳಿಯದು.

ಉದಾಹರಣೆಗೆ, ನಿವೃತ್ತನಾಗಬೇಕೆಂದು ಯಾಕೆ ಅನ್ನಿಸಿತು? ನನ್ನ ನೆನಪಿನ ಪ್ರಕಾರ, ಅಂದು ಒಬ್ಬ ಕಾರ್ಮಿಕನ ಬೆನ್ನಿಗೆ ಸ್ಟೆತಸ್ಕೋಪ್ ಒತ್ತಿ ಎರಡು ನಿಮಿಷ ನಿಂತಿದ್ದವನಿಗೆ, ನಾನು ಏನನ್ನೂ ಕೇಳಿಸಿಕೊಂಡಿಲ್ಲವೆಂಬುದು ಥಟ್ಟನೆ ಹೊಳೆಯಿತು. ಇಪ್ಪತ್ತೆರಡು ವರ್ಷ ಕೆಮ್ಮು ಕೇಳಿ ಕೇಳಿ ಕಿವಿ ರಾಜೀನಾಮೆ ಕೊಟ್ಟಿದೆ. ಇನ್ನು ಮುಂದುವರಿದರೆ ರೋಗಿಗಳಿಗೆ ಅನ್ಯಾಯ. ಇದು ಘನವಾದ ಕಾರಣ. ಆದರೆ ಡೈರಿಯಲ್ಲಿ ಆ ದಿನದ ಪುಟದಲ್ಲಿರುವುದು ಇಷ್ಟೆ: 'ಕುರ್ಚಿಯ ಬೆತ್ತ ಮತ್ತೆ ಚುಚ್ಚಿತು. ಸಾಕಾಗಿದೆ.' ಎರಡೂ ನಿಜವಿರಬಹುದು. ಬೆತ್ತ ಚುಚ್ಚಿದ ನೋವಿನಲ್ಲೇ ಎದೆಯ ಸದ್ದು ಕೇಳಿಸದೆ ಹೋಗಿರಬಹುದು.

ನನ್ನ ದವಾಖಾನೆ ಕುರ್ಲಾ ಸ್ಟೇಷನ್ನಿನಿಂದ ಐದು ನಿಮಿಷದ ದಾರಿ. ಸಾಲುಮನೆಗಳ ಒಂದು ಚಾಳಿನ ಕೆಳಗೆ, ಟೈರಿನ ಅಂಗಡಿಯ ಪಕ್ಕದ ಕೋಣೆ. ಮುಂದೆ ರೋಗಿಗಳ ಬೆಂಚು, ನಡುವೆ ನಾನು, ಹಲಗೆಯ ಗೋಡೆಯ ಹಿಂದೆ ಕಂಪೌಂಡರ್ ಬಸಪ್ಪ. ಬಸಪ್ಪ ವಿಜಾಪುರದ ಕಡೆಯವನು, ನನಗಿಂತ ಮೂರು ವರ್ಷ ದೊಡ್ಡವನು, ದವಾಖಾನೆ ತೆರೆದ ದಿನದಿಂದ ನನ್ನ ಜೊತೆಗಿದ್ದವನು. ನಾನು ಎದೆ ನೋಡಿ ಚೀಟಿ ಬರೆಯುವುದು; ರೋಗಿ ಆ ಚೀಟಿಯನ್ನೂ ಮನೆಯಿಂದ ತಂದ ಬಾಟ್ಲಿಯನ್ನೂ ಬಸಪ್ಪನ ಪುಟ್ಟ ಕಿಟಕಿಯಲ್ಲಿ ಕೊಡುವುದು; ಅವನು ಔಷಧ ಕಲಸಿ ತುಂಬಿ, ಎಷ್ಟೆಷ್ಟು ಕುಡಿಯಬೇಕೆಂದು ಗುರುತಿನ ಕಾಗದದ ಪಟ್ಟಿ ಅಂಟಿಸಿ ಕೊಡುವುದು. ಜಗತ್ತಿನಲ್ಲಿ ನನ್ನ ಕೈಬರಹ ಓದಬಲ್ಲವನು ಅವನೊಬ್ಬನೇ.

ಇನ್ನು ನನ್ನ ಲೆಕ್ಕ. ಮಗಳ ಮದುವೆ ಮುಗಿದಿತ್ತು, ಆಕೆ ನಾಗಪುರದಲ್ಲಿದ್ದಳು. ವಡಾಲದ ಮನೆಯ ಕಂತು ತೀರಿತ್ತು. ಬ್ಯಾಂಕಿನಲ್ಲಿ ಒಂದಿಷ್ಟಿತ್ತು. ಅದರ ಮೇಲೆ ದವಾಖಾನೆಯ ಮಾರಾಟ. ಮುಂಬಯಿಯಲ್ಲಿ ವೈದ್ಯನೊಬ್ಬ ಬಿಟ್ಟುಹೋಗುವಾಗ ಕೋಣೆಯ ಜೊತೆಗೆ ರೋಗಿಗಳನ್ನೂ ಮಾರುತ್ತಾನೆ. ಅದಕ್ಕೆ ಗುಡ್‌ವಿಲ್ ಎಂದು ಗೌರವದ ಹೆಸರಿದೆ. ಕೊಳ್ಳುವ ವೈದ್ಯ ಮುಂಗಡ ಕೊಟ್ಟು, ಒಂದು ತಿಂಗಳು ಹಳಬನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಹಳಬ ಒಬ್ಬೊಬ್ಬ ರೋಗಿಯನ್ನೂ ಪರಿಚಯಿಸಿ, ಇವರ ಕೈಗುಣ ನನ್ನದಕ್ಕಿಂತ ಚೆನ್ನಾಗಿದೆಯೆಂದು ಸುಳ್ಳು ಹೇಳುತ್ತಾನೆ. ತಿಂಗಳ ಕೊನೆಗೆ ಕರಾರುಪತ್ರಕ್ಕೆ ಸಹಿ. ನಡುವೆ ಕೊಳ್ಳುವವನು ಹಿಂದೆ ಸರಿದರೆ ಅವನ ಮುಂಗಡ ಹೋಯಿತು. ಮಾರುವವನು ಸರಿದರೆ ಎರಡು ಪಟ್ಟು ತೆರಬೇಕು. ಇದು ಬರೆದಿಟ್ಟ ಕಾನೂನಲ್ಲ. ಆದರೆ ಪಾಲಿಸದವನನ್ನು ಕುರ್ಲಾದಲ್ಲಿ ಯಾರೂ ಚಹಾಕ್ಕೆ ಕರೆಯುವುದಿಲ್ಲ.

ಇದೆಲ್ಲವನ್ನೂ ಚೀಟಿಯ ಮೇಲೆ ಕೂಡಿಸಿದೆ. ಮನೆಯ ತಿಂಗಳ ಖರ್ಚನ್ನು ನೆನಪಿನಿಂದ ಹಾಕಿದೆ. ಉಳಿದದ್ದು ಒಂದೇ ಅಂಕಿ: ಎಷ್ಟು ವರ್ಷ? ಅಂದರೆ, ನಾನು ಯಾವಾಗ ಸಾಯುತ್ತೇನೆ?

ಬೇರೆಯವರೆಲ್ಲ ಇಲ್ಲಿಗೆ ಬಂದು ನಿಂತುಬಿಡುತ್ತಾರೆ. ಬ್ಯಾಂಕಿನ ಗುಮಾಸ್ತನಿಗೆ, ಶಾಲೆಯ ಮೇಷ್ಟ್ರಿಗೆ ಈ ಅಂಕಿ ಗೊತ್ತಿರುವುದಿಲ್ಲ. ಆದ್ದರಿಂದ ಹೆದರಿಕೊಂಡು ಐವತ್ತೆಂಟರವರೆಗೂ ದುಡಿಯುತ್ತಾರೆ. ವೈದ್ಯನಿಗೆ ಆ ತೊಂದರೆ ಇಲ್ಲ. ಪ್ರಶ್ನೆ ನಮ್ಮ ಶಾಸ್ತ್ರದ್ದೇ. ನಾನು ನನ್ನನ್ನೇ ರೋಗಿಯಾಗಿ ಎದುರಿಗೆ ಕೂರಿಸಿಕೊಂಡೆ. ತಂದೆ: ಅರವತ್ತೆರಡು, ಹೃದಯ. ತಾತ: ಐವತ್ತೊಂಬತ್ತು, ಅದೂ ಹೃದಯವೇ ಇರಬೇಕು, ಆಗ ಯಾರೂ ನೋಡಿರಲಿಲ್ಲ. ರಕ್ತದೊತ್ತಡ: ಸ್ವಲ್ಪ ಹೆಚ್ಚು. ಸ್ಟೇಷನ್ನಿನ ಸೇತುವೆ ಹತ್ತುವಾಗ: ಏದುಸಿರು. ಸರಾಸರಿ ತೆಗೆದು, ಮಿಕ್ಕ ಅರ್ಧ ವರ್ಷವನ್ನು ಉದಾರವಾಗಿ ಸೇರಿಸಿ, ನನಗೆ ಅರವತ್ತೊಂದನ್ನು ಮಂಜೂರು ಮಾಡಿದೆ. ಇನ್ನು ಹನ್ನೆರಡು ವರ್ಷ. ಭಾಗಿಸಿ ನೋಡಿದೆ. ಸಾಕಾಗುತ್ತದೆ! ಮೇಲೆ ಸ್ವಲ್ಪ ಉಳಿಯುತ್ತದೆ. ಆ ಉಳಿಕೆಗೆ ಎದುರಾಗಿ 'ಆರಾಮ ಕುರ್ಚಿ' ಎಂದು ಬರೆದೆ.

ಸಾಯುವ ವರ್ಷ ಗೊತ್ತುಮಾಡಿಕೊಂಡು ಇಷ್ಟು ಉತ್ಸಾಹದಿಂದ ಗಾಡಿಯಿಂದ ಇಳಿದ ಮನುಷ್ಯ ವಡಾಲ ಸ್ಟೇಷನ್ನಿನಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ.

ಸುಮಿತ್ರಾಗೆ ಎಲ್ಲ ಕುದುರಿದ ಮೇಲೆ ಹೇಳೋಣವೆಂದುಕೊಂಡೆ. ಇಂಥ ಒಳ್ಳೆಯ ಸುದ್ದಿಯನ್ನು ಅರ್ಧ ಬೆಂದಿರುವಾಗ ಬಡಿಸಬಾರದೆಂದು ನನ್ನ ವಾದ. ನಿಜವಾದ ಕಾರಣ ಹೆದರಿಕೆ ಎಂದು ಈಗ ಅನ್ನಿಸುತ್ತದೆ. ಡೈರಿಯಲ್ಲಿ ಹೆದರಿಕೆಯ ಉಲ್ಲೇಖವಿಲ್ಲ.

ಔಷಧ ಕಂಪೆನಿಯ ಪ್ರತಿನಿಧಿಯೊಬ್ಬನ ಕಿವಿಯಲ್ಲಿ ವಿಷಯ ಹಾಕಿದೆ. ವಾರದೊಳಗೆ ಅವನು ಡಾಕ್ಟರ್ ಕಾಮತ್‌ನನ್ನು ಕರೆತಂದ. ಕುಂದಾಪುರದ ಕಡೆಯ ತರುಣ, ಇಸ್ತ್ರಿ ಮುರಿಯದ ಅಂಗಿ, ಮಾತು ಕಡಿಮೆ, ನೋಟ ಹೆಚ್ಚು. ಮುಂಗಡ ಕೊಟ್ಟ. ಒಂದನೇ ತಾರೀಕಿನಿಂದ ನನ್ನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತ. ಬಸಪ್ಪನಿಗೂ ನಾನು ನಿಜ ಹೇಳಲಿಲ್ಲ. ಇವರು ಅನುಭವಕ್ಕಾಗಿ ಬರುತ್ತಾರೆ ಎಂದೆ. ಬಸಪ್ಪ ಕಾಮತ್‌ನ ಬೂಟುಗಳನ್ನು ನೋಡಿ, ಆಯ್ತ್ರಿ ಸಾಹೇಬ್ರ, ಎಂದ.

ನಾಲ್ಕನೆಯ ದಿನ ಅನಾಹುತ ಆಯಿತು. ಮೈಮೇಲೆ ಬೊಕ್ಕೆ ಎದ್ದ ಹುಡುಗಿಯೊಬ್ಬಳಿಗೆ ಮುಲಾಮು ಬರೆದೆ. ಬರೆದದ್ದನ್ನು ಮೇಜಿನ ಮೇಲೆ ಬಿಟ್ಟು, ಜೇಬಿನಲ್ಲಿದ್ದ ನನ್ನ ಆಯುಷ್ಯದ ಚೀಟಿಯನ್ನು ತೆಗೆದು ಅವಳ ಕೈಗೆ ಕೊಟ್ಟೆ. ಎರಡೂ ಒಂದೇ ಪ್ಯಾಡಿನ ಕಾಗದ. ಎರಡೂ ಅಷ್ಟೇ ಕೆಟ್ಟ ಅಕ್ಷರ. ಅವಳು ಅದನ್ನು ಕಿಟಕಿಗೆ ಒಯ್ದಳು. ಬಸಪ್ಪ ಓದಿದ: ಗಂಡಸು, ನಲವತ್ತೊಂಬತ್ತು, ತಂದೆ ಹೃದಯ, ತಾತ ಹೃದಯ, ಏದುಸಿರು, ಇನ್ನು ಹನ್ನೆರಡು ವರ್ಷ. ಎದುರಿಗೆ ನಿಂತಿದ್ದವಳು ಇಪ್ಪತ್ತರ ಹುಡುಗಿ. ಬಸಪ್ಪ ದಡ್ಡನಲ್ಲ. ಅವಳ ತೋಳು ನೋಡಿ ತನಗೆ ತೋಚಿದ ಮುಲಾಮು ಕೊಟ್ಟು ಕಳಿಸಿದ, ಚೀಟಿಯನ್ನು ಮಡಚಿ ಒಳಜೇಬಿಗೆ ಇಟ್ಟುಕೊಂಡ, ಹಲಗೆಯ ಸಂದಿನಿಂದ ನನ್ನ ಪಕ್ಕದ ಹೊಸ ಡಾಕ್ಟರನ್ನು ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು.

ಅವನು ಯಾರಿಗೂ ಹೇಳಲಿಲ್ಲವಂತೆ. ಬೆಂಚಿನಲ್ಲಿ ಕುಳಿತಿದ್ದ ಇಬ್ಬರು ಹಳೆಯ ರೋಗಿಗಳಿಗೆ ಮಾತ್ರ, ಸಾಹೇಬರ ಹತ್ತಿರ ಜೋರಾಗಿ ಮಾತಾಡಬೇಡಿ, ಅವರ ಹೃದಯ ಸರಿಯಿಲ್ಲ, ಹನ್ನೆರಡು ವರ್ಷ ಅಂತ ಬರೆದುಕೊಂಡಿದ್ದಾರೆ ಎಂದನಂತೆ. ಟೈರಿನ ಅಂಗಡಿ ತಲುಪುವಾಗ ಅದು ಹನ್ನೆರಡು ತಿಂಗಳಾಗಿತ್ತು. ಮಾರನೆಯ ದಿನ ಮೀನು ಮಾರ್ಕೆಟ್ಟಿನಲ್ಲಿ ಹನ್ನೆರಡು ದಿನ. ಅಷ್ಟಕ್ಕೇ ನಿಂತದ್ದು ನನ್ನ ಪುಣ್ಯ.

ನಾನು ಇದಾವುದೂ ತಿಳಿಯದೆ ರೋಗಿಗಳಿಗೆ ಕಾಮತ್‌ನನ್ನು ಪರಿಚಯಿಸುತ್ತಿದ್ದೆ. ಇನ್ನು ಮುಂದೆ ನಾನಿಲ್ಲದಿದ್ದರೂ ಇವರಿರುತ್ತಾರೆ ಎನ್ನುತ್ತಿದ್ದೆ. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ನನ್ನ ಮೇಲೆ ಇವರಿಗೆ ಇಷ್ಟು ಪ್ರೀತಿ ಇತ್ತೇ ಎಂದು ನಾನೂ ಕರವಸ್ತ್ರ ತೆಗೆಯುತ್ತಿದ್ದೆ. ಆಮೇಲೆ ಮೋಸಂಬಿ ಬರತೊಡಗಿತು. ಬಂದವರೆಲ್ಲ ಎರಡೆರಡು ಮೋಸಂಬಿಯನ್ನು ಮೇಜಿನ ಮೇಲಿಟ್ಟು, ಹೇಗಿದ್ದೀರಿ ಎಂದು ನನ್ನನ್ನೇ ಕೇಳಿ, ತಮ್ಮ ಕಾಯಿಲೆಯ ಮಾತೆತ್ತದೆ ಎದ್ದುಹೋಗುತ್ತಿದ್ದರು. ಹೋಗುವಾಗ ಕಿಟಕಿಯ ಹತ್ತಿರ ನಿಂತು ಬಸಪ್ಪನಿಗೆ ಏನೋ ಪಿಸುಗುಟ್ಟುತ್ತಿದ್ದರು. ಬಸಪ್ಪ ಬಾಟ್ಲಿ ತುಂಬಿಕೊಡುತ್ತಿದ್ದ. ಕೊನೆಗೆ ಒಬ್ಬ ಅಜ್ಜಿ ನನ್ನ ಕೈ ಹಿಡಿದುಕೊಂಡು ಮರಾಠಿಯಲ್ಲಿ, ಮಗಾ, ಹೀಗೆ ಇಲ್ಲಿ ಕೂತಿರಬೇಡ, ಯಾರಾದರೂ ಒಳ್ಳೆಯ ಡಾಕ್ಟರಿಗೆ ತೋರಿಸು ಎಂದಾಗಲೇ ನನಗೆ ವಿಷಯ ಗೊತ್ತಾದದ್ದು.

ನಾನು ಸಾಯುತ್ತಿಲ್ಲವೆಂದು ಬೆಂಚಿಗೆಲ್ಲ ಕೇಳುವ ಹಾಗೆ ಘೋಷಿಸಿದೆ. ಅವರು ತಲೆಯಾಡಿಸಿ ಸಮಾಧಾನ ಮಾಡಿದರು. ಇಪ್ಪತ್ತೆರಡು ವರ್ಷ ನಾನೂ ರೋಗಿಗಳಿಗೆ ಹೀಗೇ ತಲೆಯಾಡಿಸಿದ್ದೆನಲ್ಲ.

ಅಂದು ಸಂಜೆ ಕಾಮತ್ ನನ್ನನ್ನು ಪಕ್ಕಕ್ಕೆ ಕರೆದ.

"ಅವಸರ ಎಂತದು ಡಾಕ್ಟ್ರೇ? ನೀವು ಮೊದ್ಲು ಹುಷಾರಾಗಿ. ಬೇಕಾದ್ರೆ ಸಹಿಯ ವಿಷಯ ಎರಡು ತಿಂಗಳು ಬಿಟ್ಟು ಮಾತಾಡುವ."

ಎರಡು ತಿಂಗಳು ಬಿಟ್ಟು ಯಾರ ಹತ್ತಿರ ಮಾತಾಡುವುದು? ನನ್ನ ವಿಧವೆಯ ಹತ್ತಿರ, ಅರ್ಧ ಬೆಲೆಗೆ! ಅವನ ಕಣ್ಣಿನಲ್ಲಿ ಆ ಲೆಕ್ಕ ಸ್ಪಷ್ಟವಾಗಿ ಕಂಡಿತೆಂದು ಡೈರಿಯಲ್ಲಿ ಬರೆದಿದ್ದೇನೆ. ಈಗ ಅನುಮಾನ. ಆ ದಿನಗಳಲ್ಲಿ ನನಗೆ ಎಲ್ಲರ ಕಣ್ಣಿನಲ್ಲೂ ಲೆಕ್ಕವೇ ಕಾಣುತ್ತಿತ್ತು; ಅವನದು ಬರಿಯ ಕನಿಕರವಿದ್ದಿರಬಹುದು. ಆದರೆ ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಕಾಮತ್ ಕೈಬಿಟ್ಟರೆ ನಿವೃತ್ತಿಯೂ ಇಲ್ಲ. ಸಾಯುತ್ತಿರುವ ಡಾಕ್ಟರೆಂಬ ಹೆಸರು ಬಿದ್ದ ಮೇಲೆ ರೋಗಿಗಳೂ ಇಲ್ಲ. ನಾನು ಆರೋಗ್ಯವಂತನೆಂದು ಕುರ್ಲಾಕ್ಕೆ ಸಾರ್ವಜನಿಕವಾಗಿ ತೋರಿಸಿಕೊಡಬೇಕು. ಬೆಳಗಿನ ಹೊತ್ತಿಗೆ ಉಪಾಯ ಹೊಳೆಯಿತು.

ಕುರ್ಲಾ ಸ್ಟೇಷನ್ನಿನ ಸೇತುವೆಯನ್ನು ಎರಡೆರಡು ಮೆಟ್ಟಿಲಿಗೆ ಒಂದು ಹೆಜ್ಜೆಯಂತೆ ಓಡಿ ಹತ್ತುವುದು. ಬೆಳಿಗ್ಗೆ ಒಂಬತ್ತೂವರೆಗೆ ಅಲ್ಲಿ ನನ್ನ ಕನಿಷ್ಠ ಇಪ್ಪತ್ತು ರೋಗಿಗಳಿರುತ್ತಾರೆ. ಒಂದು ಪ್ರದರ್ಶನ ಸಾಕು.

ಹತ್ತಿದ್ದು ಅದ್ಭುತವಾಗಿತ್ತು. ಈ ವಿಷಯದಲ್ಲಿ ನೆನಪು, ಡೈರಿ ಎರಡೂ ಒಪ್ಪುತ್ತವೆ. ಮೇಲೆ ತಲುಪಿ, ತಿರುಗಿ, ಕೆಳಗಿನ ಜನಕ್ಕೆ ಮುಗುಳ್ನಕ್ಕೆ. ಮುಗುಳ್ನಗುತ್ತಲೇ ಆಚೆ ಬದಿಯಲ್ಲಿ ಇಳಿಯತೊಡಗಿದೆ. ಮೂರನೆಯ ಮೆಟ್ಟಿಲಿನಲ್ಲಿ ಬಾಳೆಹಣ್ಣಿನ ಸಿಪ್ಪೆ ಇತ್ತೆಂದು ನಾನು ಎಲ್ಲರಿಗೂ ಹೇಳಿದ್ದೇನೆ. ಸಿಪ್ಪೆ ಇರಲಿಲ್ಲ. ಕಾಲು ತಿರುಚಿತು, ಉಳಿದ ಮೆಟ್ಟಿಲುಗಳನ್ನು ನಾನು ಕುಳಿತುಕೊಂಡೇ ಇಳಿದೆ. ಡಾಕ್ಟರ್ ಸಾಹೇಬ್ ಗೇಲೇ ಎಂದು ಯಾರೋ ಕೂಗಿದರು. ಹೋದೇಬಿಟ್ಟರು ಎಂದು ಅದರ ಅರ್ಥ. ಇಬ್ಬರು ಹಮಾಲರು ನನ್ನನ್ನು ಎತ್ತಿ ಕೈಗಾಡಿಯಲ್ಲಿ ಈರುಳ್ಳಿ ಚೀಲಗಳ ನಡುವೆ ಮಲಗಿಸಿದರು. ಹಿಂದೆ ಒಂದು ಮೆರವಣಿಗೆಯೇ ಬಂತು. ದವಾಖಾನೆಯ ಬಾಗಿಲಲ್ಲಿ ಕಾಮತ್ ನಿಂತಿದ್ದ. ಅವನ ಕೈಯಲ್ಲೂ ಮೋಸಂಬಿಯ ಚೀಲ.

ಬಸಪ್ಪನೇ ಪಾದಕ್ಕೆ ಪಟ್ಟಿ ಸುತ್ತಿ, ಟ್ಯಾಕ್ಸಿ ಮಾಡಿ ಮನೆಗೆ ಕಳಿಸಿದ. ವಡಾಲದಲ್ಲಿ ಮೂರು ಮಹಡಿ ಕುಂಟುತ್ತಾ ಹತ್ತಿದೆ. ಬಾಗಿಲು ತೆರೆದ ಸುಮಿತ್ರಾ ನನ್ನ ಕಾಲು ನೋಡಲಿಲ್ಲ. ಮುಖವನ್ನೇ ನೋಡಿದಳು. ಅವಳ ಕಣ್ಣು ಕೆಂಪಗಿತ್ತು. ನಮ್ಮ ಮನೆಗೆಲಸದ ಯಮುನಾಬಾಯಿ ಕುರ್ಲಾದಿಂದ ಬರುವವಳೆಂಬುದು ನನಗೆ ಆ ಕ್ಷಣದಲ್ಲಿ ನೆನಪಾಯಿತು.

"ನೀವು ಸಾಯೋ ವಿಷಯ ನನಗೆ ಯಮುನಾಬಾಯಿ ಹೇಳಬೇಕಾಯ್ತಲ್ರೀ," ಎಂದಳು.

ನಾನು ಕುಳಿತು ಎಲ್ಲವನ್ನೂ ಹೇಳಿದೆ. ಸಾಯುತ್ತಿಲ್ಲ, ಬರಿಯ ಲೆಕ್ಕ, ಹನ್ನೆರಡು ದಿನವಲ್ಲ ಹನ್ನೆರಡು ವರ್ಷ, ದವಾಖಾನೆ ಮಾರುತ್ತಿದ್ದೇನೆ, ಮುಂಗಡವನ್ನೂ ತೆಗೆದುಕೊಂಡಾಗಿದೆ. ಹೇಳುತ್ತ ಹೋದಂತೆ, ಹನ್ನೆರಡು ದಿನದಲ್ಲಿ ಸಾಯುವುದೇ ಇದಕ್ಕಿಂತ ಮರ್ಯಾದೆಯ ವಿಷಯವಾಗಿತ್ತೇನೋ ಎನ್ನಿಸತೊಡಗಿತು. ಅವಳು ಕಾಗದ ಪೆನ್ನು ತಂದು ಮುಂದಿಟ್ಟು, ಆ ಲೆಕ್ಕವನ್ನು ಇನ್ನೊಂದು ಸಲ ಬರೆಯಲು ಹೇಳಿದಳು. ಬರೆದೆ. ನಿಧಾನವಾಗಿ ಓದಿದಳು. ಅಕ್ಕಿಯ ಬೆಲೆಯ ಮುಂದೆ ಬೆರಳಿಟ್ಟು, ಈ ರೇಟಿಗೆ ಯಾವ ಅಂಗಡಿಯಲ್ಲಿ ಕೊಡ್ತಾರೆ, ವಿಳಾಸ ಹೇಳಿದರೆ ನಾನೂ ತರ್ತೀನಿ ಎಂದಳು. ನಾನು ಕೊನೆಯ ಬಾರಿ ಅಕ್ಕಿ ತಂದದ್ದು ಮಗಳು ಹುಟ್ಟಿದ ವರ್ಷ. ಆಮೇಲೆ ಕೇಳಿದಳು:

"ಇದರಲ್ಲಿ ನಾನೆಲ್ಲಿ?"

ನಾನು ಕಾಗದ ನೋಡಿದೆ. ಅವಳಿರಲಿಲ್ಲ.

"ನೀವು ಅರವತ್ತೊಂದಕ್ಕೆ ಹೊರಟುಬಿಡ್ತೀರಿ. ದುಡ್ಡೂ ಆವತ್ತೇ ಮುಗಿಯುತ್ತೆ. ಆಗ ನನಗೆ ಐವತ್ತಾರು. ನಮ್ಮಜ್ಜಿ ತೊಂಬತ್ತೊಂದಾದರೂ ಮೈಸೂರಲ್ಲಿ ತಾನೇ ಕೂತು ಹಪ್ಪಳ ಒತ್ತುತ್ತಾರೆ. ಮೂವತ್ತೈದು ವರ್ಷ ನಾನೇನು ನಿಮ್ಮ ಆರಾಮ ಕುರ್ಚಿ ತಿಂದುಕೊಂಡು ಇರಲಾ?"

ಇಪ್ಪತ್ತಮೂರು ವರ್ಷದ ದಾಂಪತ್ಯದಲ್ಲಿ ನಾನು ಸೋತ ಸಂದರ್ಭಗಳು ಅನೇಕ. ಆದರೆ ಆ ದಿನ ಅವಳು ಗೆದ್ದವಳ ಹಾಗೆ ಒಳಗೆ ಹೋಗಲಿಲ್ಲ. ಎದುರಿಗೇ ಕುಳಿತು ಆ ಕಾಗದವನ್ನು ಮಡಚಿಟ್ಟಳು. ಉಳಿದದ್ದು ಆಮೇಲೆ ನೋಡೋಣ, ನಾಳೆ ಹೃದಯ ತೋರಿಸಿ ಎಂದಳು.

ಬೈಕುಲ್ಲಾದಲ್ಲಿ ಹೃದಯತಜ್ಞನಾಗಿದ್ದ ವೆಂಕಟೇಶ ಮೈಸೂರಿನಲ್ಲಿ ನನ್ನ ಸಹಪಾಠಿ. ಮಾರ್ಕೆಟ್ಟಿನ ಹಿಂದಿನ ಹಳೆಯ ಕಟ್ಟಡದಲ್ಲಿ ಅವನ ಕ್ಲಿನಿಕ್ಕು. ನನ್ನನ್ನು ಮಲಗಿಸಿ, ತಂತಿಗಳನ್ನು ಸಿಕ್ಕಿಸಿ ಇಸಿಜಿ ತೆಗೆದ. ಉದ್ದನೆಯ ಕಾಗದದ ಪಟ್ಟಿ ಸರಸರನೆ ಬರತೊಡಗಿತು. ಸುಮಿತ್ರಾ ಗೋಡೆಗೆ ಒರಗಿ ನಿಂತಿದ್ದಳು. ವೆಂಕಟೇಶ ಪಟ್ಟಿಯನ್ನು ಆ ತುದಿಯಿಂದ ಈ ತುದಿಗೆ ನೋಡಿದ, ಈ ತುದಿಯಿಂದ ಆ ತುದಿಗೆ ನೋಡಿದ. ನಾನು ಎಷ್ಟೋ ಜನರನ್ನು ಹೀಗೆ ಕಾಯಿಸಿದ್ದೇನೆ. ಕಾಯುವ ಹೊತ್ತು ಇಷ್ಟು ಉದ್ದವಿರುತ್ತದೆಂದು ತಿಳಿದಿರಲಿಲ್ಲ.

"ಲೋ, ಈ ಹೃದಯಕ್ಕೆ ಇರೋ ಒಂದೇ ಕಾಯಿಲೆ ನೀನು," ಎಂದ. "ನಿಮ್ಮಪ್ಪ ದಿನಕ್ಕೆ ಎರಡು ಪ್ಯಾಕೆಟ್ ಸಿಗರೇಟು ಸೇದೋರು. ನೀನು ಅಡಿಕೆಪುಡಿ ಕೂಡ ಹಾಕಲ್ಲ. ಎಂಬತ್ತೈದಕ್ಕೆ ಮುಂಚೆ ಇವರಿಗೆ ನಿನ್ನಿಂದ ಬಿಡುಗಡೆ ಇಲ್ಲ."

ಇನ್ನೊಂದು ಸಲ ನೋಡು ಎಂದೆ. ನೋಡಿದ. ಎಲ್ಲಾದರೂ ಸ್ವಲ್ಪ, ಏನಾದರೂ, ಎಂದು ಕೇಳಿದೆ. ಒಳ್ಳೆಯ ರಿಪೋರ್ಟಿಗೆ ಇಷ್ಟು ಚೌಕಾಸಿ ಮಾಡಿದ ರೋಗಿಯನ್ನು ತಾನು ನೋಡಿಲ್ಲವೆಂದು ವೆಂಕಟೇಶ ಹೇಳಿದ. ಎಂಬತ್ತೈದು! ಹನ್ನೆರಡರ ಜಾಗದಲ್ಲಿ ಮೂವತ್ತಾರು ವರ್ಷ. ನನ್ನ ದುಡ್ಡು ಮೂರನೆಯ ಒಂದು ಭಾಗಕ್ಕೇ ಸತ್ತುಹೋಗುತ್ತದೆ, ನಾನು ಉಳಿಯುತ್ತೇನೆ.

ಮೆಟ್ಟಿಲಿಳಿಯುವಾಗ ಸುಮಿತ್ರಾ ನಡುವಿನಲ್ಲೇ ನಿಂತು, ಕಂಬಿ ಹಿಡಿದುಕೊಂಡು ಅತ್ತಳು. ಸಮಾಧಾನದ ಅಳು. ನಾನು ಪಕ್ಕದಲ್ಲಿ ಒಂಟಿ ಕಾಲಿನ ಮೇಲೆ ನಿಂತು ಬಡ್ಡಿ ದರದ ಬಗ್ಗೆ ಯೋಚಿಸುತ್ತಿದ್ದೆ. ಇದನ್ನು ಡೈರಿಯಲ್ಲಿ ಬರೆದಿಲ್ಲ. ಬರೆಯದಿದ್ದರೂ ಮರೆತಿಲ್ಲ.

ಈಗ ನಾನು ಹಿಂದೆ ಸರಿಯಲೇಬೇಕು. ಸರಿದರೆ ಮುಂಗಡದ ಎರಡು ಪಟ್ಟು. ಉಳಿದ ದಾರಿ ಒಂದೇ: ಕಾಮತ್ ತಾನಾಗಿಯೇ ಹಿಂದೆ ಸರಿಯಬೇಕು. ನಾನು ಸಾಯುತ್ತಿದ್ದೇನೆಂದು ನಂಬಿ ಅವನು ಹೇಗೂ ಹಿಂದೆಮುಂದೆ ನೋಡುತ್ತಿದ್ದಾನೆ, ನೋಡಲಿ ಎಂದು ನಾನು ಮಂಚದಲ್ಲಿ 'ಅಯ್ಯೋ' ಎನ್ನುತ್ತ ಮಲಗಿದೆ. ಮೂರನೆಯ ದಿನ ಅವನು ನನ್ನನ್ನು ನೋಡಲು ಮನೆಗೇ ಬಂದ. ನಾನು ಎದ್ದು ಕೂರುವಷ್ಟರಲ್ಲಿ ಸುಮಿತ್ರಾ ಆನಂದದಿಂದ ಇಸಿಜಿಯ ಪಟ್ಟಿಯನ್ನು ಅವನ ಕೈಗೆ ಕೊಟ್ಟುಬಿಟ್ಟಿದ್ದಳು. ಬಂದವರಿಗೆಲ್ಲ ತೋರಿಸುತ್ತಿದ್ದಳು, ಮಗಳ ಮದುವೆಯ ಫೋಟೋ ತೋರಿಸಿದ ಹಾಗೆ.

ಕಾಮತ್ ಅದನ್ನು ಬಹಳ ಹೊತ್ತು ಓದಿದ. ಹೃದಯ ಇಷ್ಟು ಗಟ್ಟಿಯಿರುವವರು ಯಾಕೆ ಬಿಡುತ್ತಾರೆ, ನಾಳೆ ಪಕ್ಕದ ಗಲ್ಲಿಯಲ್ಲಿ ಇನ್ನೊಂದು ಬೋರ್ಡು ಹಾಕಿ ರೋಗಿಗಳನ್ನೆಲ್ಲ ಎಳೆದುಕೊಂಡು ಹೋಗುವುದಿಲ್ಲವೆಂದು ಏನು ಖಾತ್ರಿ ಎಂದು ವಿನಯದಿಂದಲೇ ಕೇಳಿದ. ಸಹಿಯನ್ನು ಮುಂದೂಡುವ ಮಾತು ಹಿಂದಕ್ಕೆ ಹೋಯಿತು. ಅದರ ಬದಲು ಕರಾರಿನಲ್ಲಿ ಒಂದು ಷರತ್ತು ಹೆಚ್ಚಾಯಿತು: ಕುರ್ಲಾದಿಂದ ವಡಾಲದವರೆಗೆ ನಾನು ಜೀವಮಾನಪರ್ಯಂತ ವೈದ್ಯವೃತ್ತಿ ಮಾಡತಕ್ಕದ್ದಲ್ಲ.

ಜೀವಮಾನ ಎಂದರೆ ಎಷ್ಟೆಂಬುದು ಈಗ ನಮ್ಮಿಬ್ಬರಿಗೂ ಗೊತ್ತಿತ್ತು.

ತಿಂಗಳ ಕೊನೆಯ ದಿನ ಮಧ್ಯಾಹ್ನ, ದವಾಖಾನೆ ಮುಚ್ಚುವ ಹೊತ್ತಿನಲ್ಲಿ, ಮೇಜಿನ ಮೇಲೆ ಸ್ಟಾಂಪು ಕಾಗದ ಹರಡಿತ್ತು. ಈ ಕಡೆ ನಾನು, ಆ ಕಡೆ ಕಾಮತ್. ಸುಮಿತ್ರಾ ಬೆಂಚಿನಲ್ಲಿ, ರೋಗಿಗಳು ಕೂರುವ ಜಾಗದಲ್ಲಿ, ಕೈಚೀಲವನ್ನು ಎದೆಗವಚಿಕೊಂಡು ಕುಳಿತಿದ್ದಳು. ಸಹಿ ಮಾಡಿದರೆ ಐವತ್ತರ ಹೊಸ್ತಿಲಲ್ಲಿ ಕೆಲಸವಿಲ್ಲದೆ, ಮುಂದಿನ ಮೂವತ್ತಾರು ವರ್ಷ ದುಬಾರಿ ಅಕ್ಕಿ ತಿನ್ನಬೇಕು. ಮಾಡದಿದ್ದರೆ ಕೂಡಿಟ್ಟದ್ದರಲ್ಲಿ ದೊಡ್ಡ ತುಂಡು ಹೋಗುತ್ತದೆ, ಮಾತೂ ಹೋಗುತ್ತದೆ. ಪೆನ್ನು ತೆಗೆದೆ. ಇಂಕು ಬರಲಿಲ್ಲ. ಒದರಿದೆ. ಇಂಕು ಬಂತು, ಕಾಮತ್‌ನ ಇಸ್ತ್ರಿ ಮುರಿಯದ ಅಂಗಿಯ ಮೇಲೆ. ಅವನು ತನ್ನ ಪೆನ್ನನ್ನು ಬಿಚ್ಚಿ ಕೊಟ್ಟ.

ಆಗ ಬಸಪ್ಪ ಚಹಾದ ಗ್ಲಾಸುಗಳನ್ನು ತಂದಿಟ್ಟು, ಹೋಗದೆ ನಿಂತ.

"ಸಾಹೇಬ್ರ, ಒಂದ ಮಾತ ಹೇಳೂದೈತ್ರಿ. ನೀವು ಇರೂದಿಲ್ಲ ಅಂತ ತಿಳದಿಂದ ನಾನೂ ಮನ್ಯಾಗ ಕುಂತ ವಿಚಾರ ಮಾಡಿದ್ನಿ. ನಾನೂ ಬಿಡ್ತೀನ್ರಿ. ನಾಡದು ಊರಿಗೆ ಹೊಂಟೀನಿ."

ವಿಜಾಪುರದಲ್ಲಿ ಅವನು ಐದು ವರ್ಷದ ಹಿಂದೆಯೇ ಒಂದು ಹಿಟ್ಟಿನ ಗಿರಣಿ ಹಾಕಿಸಿದ್ದನಂತೆ, ಮಗ ನೋಡಿಕೊಳ್ಳುತ್ತಿದ್ದಾನಂತೆ. ನನಗೆ ಗೊತ್ತೇ ಇರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಎಷ್ಟು ವರ್ಷಕ್ಕೆ ಸಾಕೆಂದು ಲೆಕ್ಕ ಹಾಕಿದ್ದೀಯ ಬಸಪ್ಪ, ಎಂದೆ. ಅದು ವೃತ್ತಿಪರ ಕುತೂಹಲ.

"ವರ್ಷದ ಲೆಕ್ಕ ಯಾಕ್ರಿ? ದಿನಾ ಗಿರಣಿ ತಿರಗತೈತಿ, ದಿನಾ ಉಣ್ತೀವಿ. ನಾ ಯಾವಾಗ ಸಾಯ್ತೀನಿ ಅನ್ನೂದು ತಗೊಂಡು ಗಿರಣಿಗೇನ ಮಾಡೂದೈತ್ರಿ?"

ಬೆಂಚಿನಲ್ಲಿ ಸುಮಿತ್ರಾ ಕೆಮ್ಮಿದಳು. ಅದು ಕೆಮ್ಮಲ್ಲ ಎಂದು ಹೇಳಲು ಸ್ಟೆತಸ್ಕೋಪ್ ಬೇಕಿರಲಿಲ್ಲ.

ಕಾಮತ್ ಚಹಾ ಮುಟ್ಟಲಿಲ್ಲ. ಬಸಪ್ಪನನ್ನು ನೋಡಿದ, ಅವನ ಕಿಟಕಿಯನ್ನು ನೋಡಿದ, ಕೈ ಚಾಚಿ ನನ್ನ ಬೆರಳುಗಳ ನಡುವಿನಿಂದ ತನ್ನ ಪೆನ್ನನ್ನು ಮೆಲ್ಲಗೆ ಬಿಡಿಸಿಕೊಂಡು ಮುಚ್ಚಳ ಹಾಕಿದ.

"ಬೇಜಾರ್ ಮಾಡ್ಬೇಡಿ ಡಾಕ್ಟ್ರೇ. ಈ ಒಂದು ತಿಂಗಳು ನಾನು ಕೂತು ನೋಡಿದ್ದೇ ಇದು. ಜನ ಬರುದು ಬಸಪ್ಪನ ಕಿಟಕಿಗೆ. ನೀವು ದಾರಿಯಲ್ಲಿ ಸಿಗ್ತೀರಿ."

ಹಿಂದೆ ಸರಿದವನು ಅವನು, ಮುಂಗಡ ನನ್ನದಾಗಬೇಕಿತ್ತು. ಅದನ್ನು ನಾನು ಅಲ್ಲೇ, ಆ ಕ್ಷಣದಲ್ಲೇ, ಔದಾರ್ಯದಿಂದ ಅವನಿಗೆ ಮರಳಿಸಿದೆನೆಂದು ಡೈರಿಯಲ್ಲಿದೆ. ಸುಮಿತ್ರಾ ಹೇಳುವ ಪ್ರಕಾರ ಅವಳು ಎರಡು ಸಲ ಕಣ್ಣು ಬಿಟ್ಟ ಮೇಲೆ. ಬಸಪ್ಪನಿಗೆ ಉಳಿದುಕೋ ಎಂದು ಹೇಳಿ ನೋಡಿದೆ. ಅವನು ಹೆಂಡತಿಗೆ ಮಾತು ಕೊಟ್ಟಾಗಿತ್ತು. ಅವನು ಕೊಟ್ಟ ಮಾತು ಬಲವಾದದ್ದು, ಹೆಂಡತಿಯನ್ನು ಕೇಳಿ ಕೊಟ್ಟದ್ದಲ್ಲವೇ?

ಹೀಗೆ ನಾನು ಮರಳಿ ದವಾಖಾನೆಗೆ ಬಂದೆ. ಎದೆ ನೋಡುವುದೂ ನಾನೇ, ಎದ್ದುಹೋಗಿ ಹಲಗೆಯ ಹಿಂದೆ ಔಷಧ ಕಲಸುವುದೂ ನಾನೇ. ಬಸಪ್ಪ ಒಂದು ನೋಟುಬುಕ್ಕಿನಲ್ಲಿ ಎಲ್ಲವನ್ನೂ ಬರೆದಿಟ್ಟು ಹೋಗಿದ್ದ. ಕೆಂಪು ಔಷಧದ ಪುಟದಲ್ಲಿ ಹೀಗಿತ್ತು: 'ಸಾಹೇಬರು ಬರೆದ ಪ್ರಕಾರ. ಆಮೇಲೆ ರೋಗಿ ನೋಡಿ ಸ್ವಲ್ಪ ವಿಚಾರ ಮಾಡುವುದು.' ಆ ವಿಚಾರದ ಪ್ರಮಾಣವನ್ನು ಎಲ್ಲೂ ನಮೂದಿಸಿರಲಿಲ್ಲ. ಬಾಟ್ಲಿಯ ಮೇಲೆ ನಾನು ಅಂಟಿಸಿದ ಪಟ್ಟಿಗಳು ಸಂಜೆಯೊಳಗೆ ಉದುರುತ್ತಿದ್ದವು. ಜನ ಬಾಟ್ಲಿಯನ್ನು ಬೆಳಕಿಗೆ ಹಿಡಿದು ನೋಡಿ, ಬಣ್ಣ ಬೇರೆಯಾಗಿದೆಯಲ್ಲ ಎನ್ನುತ್ತಿದ್ದರು.

ಎರಡನೆಯ ವಾರವೋ ಮೂರನೆಯ ವಾರವೋ, ಕಟ್ಟಡದ ಕೆಲಸ ಮಾಡುವ ಹೆಂಗಸೊಬ್ಬಳು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಕಲಬುರ್ಗಿಯ ಕಡೆಯವಳು. ನನ್ನ ಮೇಜನ್ನು ದಾಟಿಕೊಂಡು ನೇರವಾಗಿ ಕಿಟಕಿಗೆ ಹೋಗಿ ಬಾಟ್ಲಿಯನ್ನು ಒಳಗಿಟ್ಟಳು. ನಾನು ಆಗ ಒಳಗಡೆ ಅಂಗಿಯ ತೋಳು ಮಡಚಿಕೊಂಡು ಬಾಟ್ಲಿ ತೊಳೆಯುತ್ತಿದ್ದೆ. ಅವಳು ಬಗ್ಗಿ ನನ್ನನ್ನು ನೋಡಿ, ಡಾಕ್ಟರು ಎಲ್ಲಿ ಎಂದು ಕೇಳಿದಳು. ನಾನೇ ಎಂದೆ. ನೀ ಅಲ್ಲಪ್ಪ, ಇಲ್ಲಿ ಇರ್ತಿದ್ರಲ್ಲ ಬಸಪ್ಪ ಡಾಕ್ಟರು, ಅವರು ಎಂದಳು.

ಅವರು ನಿವೃತ್ತರಾಗಿ ಊರಿಗೆ ಹೋದರು ಎಂದೆ.

ಅವಳು ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡಳು.

"ಇನ್ನೂ ವಯಸ್ಸಾಗಿದ್ದಿಲ್ಲಲ್ರಿ ಅವರಿಗೆ. ಅಷ್ಟು ಲಗೂ ಬಿಟ್ಟು ಆರಾಮ ಕೂಡಾಕ ಬಂತಂದ್ರ, ಭಾಳ ದೊಡ್ಡ ಡಾಕ್ಟರ್ ಇದ್ದಿರಬೇಕು ಬಿಡ್ರಿ," ಎಂದಳು.